ಚಾಕುವಿನ ಗಿಲಕಿ

ಮಡಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಪ್‌ಚುಪ್. ಬಿಚ್ಚಿ ಅಲ್ಲಾಡಿಸಿದರೆ ಹಿಡಿಯೊಳಗಿಂದ ಟಿಕ್ ಟಿಕ್. ಸೇಬು ಹೆಚ್ಚುವುದಕ್ಕೆ, ರಟ್ಟಿನ ಡಬ್ಬ ಸೀಳುವುದಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ತೊಂದರೆ ನನ್ನ ಕಿವಿಗೆ. ‘ಏನ್ರೀ ಅದು, ಈ ವಯಸ್ಸಲ್ಲಿ ಗಿಲಕಿ ಆಡಿಸ್ತಾ ಕೂತಿದ್ದೀರಾ?’ ಎಂದಳು ಹೆಂಡತಿ.

ನನ್ನದು ಅಸಿಸ್ಟೆಡ್ ಓಪನಿಂಗ್ ಜಾತಿಯ ಮಡಚು ಚಾಕು. ಅಲಗಿನ ಬುಡದಲ್ಲಿ ಹಿಡಿಯಿಂದಾಚೆ ಇಣುಕುವ ಮೊಟಕು ಬಾಲವನ್ನು ಬೆರಳಿನಿಂದ ಚೂರು ಒತ್ತಿದರೆ ಸಾಕು, ಮಿಕ್ಕ ದಾರಿಯನ್ನು ಅಲಗು ತಾನೇ ಹಾರಿ ಮುಗಿಸಿ ಟಕ್ಕೆಂದು ನಿಲ್ಲುತ್ತದೆ. ಈ ಚಮತ್ಕಾರವೆಲ್ಲ ಹಿಡಿಯ ಒಳಗಿನ ತೋಡಿನಲ್ಲಿ ಮಲಗಿರುವ ಒಂದು ಬಾಗಿದ ಉಕ್ಕಿನ ತಂತಿಯದು. ಟಾರ್ಶನ್ ಬಾರ್ ಎನ್ನುತ್ತಾರೆ. ಹವಾಯಿಯ ಕೆನ್ ಆನಿಯನ್ ಜನಪ್ರಿಯಗೊಳಿಸಿದ ತಂತ್ರ. ಮಡಚಿದಾಗ ಅಲಗನ್ನು ಒಳಕ್ಕೆ ಒತ್ತಿ ಹಿಡಿಯುವುದೂ ಇದೇ ತಂತಿ. ಬೆರಳು ಒಂದು ಹಂತ ದಾಟಿಸಿತೋ, ಪಕ್ಷಾಂತರ ಮಾಡಿ ಹೊರಕ್ಕೆ ದೂಡುವುದೂ ಇದೇ. ಗುಂಡಿ ಒತ್ತಿದರೆ ಹಾರುವ ಚಾಕುಗಳ ಮೇಲೆ ಅಮೆರಿಕದಲ್ಲಿ 1958ರಿಂದ ಕೇಂದ್ರ ಕಾಯ್ದೆಯ ಕಡಿವಾಣವಿದೆ. ಒಳಕ್ಕೆ ಎಳೆಯುವ ಈ ಗುಣದಿಂದಾಗಿಯೇ 2009ರ ತಿದ್ದುಪಡಿಯಲ್ಲಿ ನಮ್ಮ ಜಾತಿಗೆ ವಿನಾಯಿತಿ ಸಿಕ್ಕಿತು.

ಭಾನುವಾರ, ಹೊರಗೆ ಪೋರ್ಟ್‌ಲ್ಯಾಂಡಿನ ಜಿಟಿಜಿಟಿ ಮಳೆ. ಅಪರಾಧಿ ಯಾರೆಂದು ಮೊದಲು ಕಿವಿಯಿಂದಲೇ ಪತ್ತೆ ಮಾಡಬೇಕು. ನನಗೆ ಅರ್ಧ ಸುಖ ಅದರಲ್ಲೇ. ಅಲಗನ್ನು ಬೆರಳಲ್ಲಿ ಬಿಗಿಹಿಡಿದು ಅಲ್ಲಾಡಿಸಿದೆ, ಟಿಕ್ ಟಿಕ್. ಜೇಬಿನ ಕ್ಲಿಪ್ ಅದುಮಿ ಹಿಡಿದೆ, ಟಿಕ್ ಟಿಕ್. ಆದರೂ ಆತುರಗೆಟ್ಟವನು ಅಲಗು ತಿರುಗುವ ನಡುವಿನ ಸ್ಕ್ರೂವನ್ನೇ ಬಿಗಿದೆ. ಸದ್ದು ಹೋಗಲಿಲ್ಲ, ಹಾರಾಟ ಹೋಯಿತು. ಅಲಗು ಅರ್ಧ ದಾರಿಯಲ್ಲಿ ಮುನಿಸಿಕೊಂಡು ನಿಂತಿತು. ಸ್ಕ್ರೂವನ್ನು ಕೂದಲೆಳೆಯಷ್ಟು ಸಡಿಲಿಸಿದ ಮೇಲೆ ಹಾರಾಟ ಮರಳಿತು, ಜೊತೆಗೆ ಟಿಕ್ ಟಿಕ್ ಕೂಡ.

ಕೊನೆಗೆ ಹೊಳೆಯಿತು. ಮಡಚಿದಾಗ ತಂತಿ ಸೆಟೆದು ನಿಂತಿರುತ್ತದೆ, ಅಲುಗಾಡಲು ಬಿಡುವಿಲ್ಲ. ಬಿಚ್ಚಿದ ಮೇಲೆ ಅದರ ಕೆಲಸ ಮುಗಿಯಿತು. ಆರಾಮಾಗಿ ತೋಡಿನಲ್ಲಿ ಹೊರಳಾಡುತ್ತದೆ. ನಿವೃತ್ತರ ಸಂಘದಲ್ಲಿ ಗದ್ದಲ ಹೆಚ್ಚು.

ಮೇಜಿನ ಮೇಲೆ ಬಿಳಿ ಟವೆಲ್ ಹಾಸಿದೆ. ಇದು ಅನುಭವದ ಪಾಠ: ಹಿಂದೊಮ್ಮೆ ಎಳ್ಳಿನಷ್ಟಿದ್ದ ಸ್ಕ್ರೂ ಕಾರ್ಪೆಟ್ಟಿಗೆ ಬಿದ್ದು, ಫ್ರಿಜ್ಜಿನ ಮೇಲಿನ ಅಯಸ್ಕಾಂತ ತಂದು ಮಂಡಿಯೂರಿ ಹುಡುಕಿದ್ದೆ. ಅಲಗನ್ನು ಬಿಚ್ಚಿಯೇ ಇಟ್ಟು, ಆರು ಎಸಳಿನ ತಲೆಯ ಟಾರ್ಕ್ಸ್ ಸ್ಕ್ರೂಗಳನ್ನು ಒಂದೊಂದಾಗಿ ತಿರುವಿ, ಹಿಡಿಯ ಒಂದು ಪಕ್ಕ ಎತ್ತಿದೆ. ಅಗೋ ತಂತಿ, ನೆಟ್ಟಗೆ ಮಾಡಲು ಹೋಗಿ ಕೈಬಿಟ್ಟ ಪೇಪರ್ ಕ್ಲಿಪ್ಪಿನ ಹಾಗೆ. ಉಗುರಿನಿಂದ ಮೀಟಿದೆ: ಟಿಕ್. ಸಿಕ್ಕಿಬಿದ್ದ ಕಳ್ಳ!

ತೆಳು ಎಣ್ಣೆ ಇಲ್ಲಿ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ಮಂದ ಗ್ರೀಸನ್ನು ಸಾಸಿವೆಕಾಳಿನಷ್ಟು ತೆಗೆದು ತೋಡಿನುದ್ದಕ್ಕೂ ಸವರಿದೆ. ಹಿಡಿಯ ಸ್ಕ್ರೂಗಳ ಮರೆಗೆ ನೀಲಿ ಲಾಕ್‌ಟೈಟ್ ಒಂದಿಷ್ಟು. ಅದೊಂದು ವಿಚಿತ್ರ ಅಂಟು. ಬಾಟಲಿಯಲ್ಲಿ ಗಾಳಿ ಇರುವಷ್ಟು ಕಾಲ ದ್ರವ. ಲೋಹದ ಸಂದಿಯಲ್ಲಿ ಗಾಳಿ ಸಿಗದಿದ್ದಾಗ ಗಟ್ಟಿ.

ಜೋಡಿಸಿ, ಬಿಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸಿದೆ. ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಒಳಗೆ ಹೋಗಿ ಹೆಂಡತಿಯ ಕಿವಿಗೂ ಹಿಡಿದೆ.

‘ಏನೂ ಕೇಳಿಸ್ತಿಲ್ಲವಲ್ಲ’ ಎಂದಳು.

‘ಅದೇ!’

‘ಹಾಗಾದ್ರೆ ಈ ಕುಕ್ಕರಿನ ಹಿಡೀನೂ ಒಂದು ಕೈ ನೋಡಿ, ಆರು ತಿಂಗಳಿಂದ ಲೊಟಲೊಟ ಅಂತಿದೆ.’

ನೋಡಿದೆ. ಸಾಮಾನ್ಯ ಫಿಲಿಪ್ಸ್ ಸ್ಕ್ರೂ. ಮುಂದಿನ ಭಾನುವಾರ ನೋಡೋಣವೆಂದೆ.