ಬೆನ್ನ ಮೇಲಣ ಗಾಳಿ

ಏಪ್ರಿಲ್ 14 ಮುಂಬಯಿಯ ಅಗ್ನಿಶಾಮಕ ದಳದವರಿಗೆ ಸ್ಮರಣೆಯ ದಿನ. 1944ರಲ್ಲಿ ಅದೇ ದಿನ, ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಬೆಂಕಿ ತಗುಲಿ ಸಿಡಿಯಿತು. ಹತ್ತಿಯ ಮೂಟೆಗಳನ್ನೂ ಸಿಡಿಮದ್ದನ್ನೂ ಒಂದೇ ಒಡಲಲ್ಲಿ ಹೊತ್ತಿದ್ದ ಹಡಗು ಅದು. ನಂದಿಸಲು ಹೋಗಿದ್ದ ದಳದ 66 ಮಂದಿ ಮಡಿದರು. ಅವರ ನೆನಪಿಗಾಗಿ ಆ ದಿನದಿಂದ ಏಳು ದಿನ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಒಂದು ವರ್ಷ ಸಪ್ತಾಹದ ನಿಮಿತ್ತ ಅಂಧೇರಿಯ ನಮ್ಮ ಶಾಲೆಯ ಅಂಗಳಕ್ಕೂ ಕೆಂಪು ಬಂಡಿ ಬಂದಿತ್ತು. ಹಳೆಯ ವಿದ್ಯಾರ್ಥಿಗಳಿಗೆಂದು ಹಾಕಿದ್ದ ಕುರ್ಚಿಗಳಲ್ಲಿ ಒಂದನ್ನು ಹಿಡಿದು ನಾವೂ ಕುಳಿತಿದ್ದೆವು.

ದಳದ ಜವಾನನೊಬ್ಬ ಬೆನ್ನಿಗೆ ಸಿಲಿಂಡರು ಕಟ್ಟಿ, ಮುಖಕ್ಕೆ ಗಾಜಿನ ಮಾಸ್ಕು ಧರಿಸಿ ನಿಂತಾಗ ಮಕ್ಕಳಲ್ಲಿ ಗದ್ದಲವೋ ಗದ್ದಲ. ಚಂದ್ರಲೋಕಕ್ಕೆ ಹೊರಟವನೆಂದು ಒಬ್ಬ, ಆನೆಯ ಸೊಂಡಿಲೆಂದು ಇನ್ನೊಬ್ಬ. ಐದನೆಯ ತರಗತಿಯ ಪುಟ್ಟನೊಬ್ಬ ಧೈರ್ಯಮಾಡಿ ಎದ್ದು, “ಅಂಕಲ್, ಅದರೊಳಗೆ ಆಕ್ಸಿಜನ್ ಇದೆಯಲ್ಲವೇ?” ಎಂದು ಕೇಳಿದ. ಜವಾನನು ಮಾಸ್ಕು ತೆಗೆದು ನಕ್ಕು ಮರಾಠಿಯಲ್ಲಿ ಉತ್ತರಿಸಿದ, ಗುರುಗಳು ಅದನ್ನು ಕನ್ನಡಿಸಿದರು: “ಇಲ್ಲ ಮಗು, ನೀನು ಈಗ ಉಸಿರಾಡುತ್ತಿರುವ ಗಾಳಿಯೇ. ಒತ್ತಿ ತುಂಬಿದ್ದೇವೆ, ಅಷ್ಟೆ.”

ಇದು ಬಹು ಜನ ವಿದ್ಯಾವಂತರಿಗೂ ತಿಳಿಯದ ಸಂಗತಿ. ನೂರು ಪಾಲು ಗಾಳಿಯಲ್ಲಿ 21 ಪಾಲು ಆಮ್ಲಜನಕ, 78 ಪಾಲು ಸಾರಜನಕ. ಅದೇ ಗಾಳಿಯನ್ನು ಶುದ್ಧಗೊಳಿಸಿ, ತೇವವನ್ನು ತೆಗೆದು, ಉಕ್ಕಿನ ಸಿಲಿಂಡರಿನೊಳಗೆ ಇನ್ನೂರು ಪಟ್ಟು ಒತ್ತಡದಲ್ಲಿ ಅಡಕಿಡುತ್ತಾರೆ. ಆರು ಲೀಟರು ನೀರು ಹಿಡಿಯುವ ಪಾತ್ರೆಯಲ್ಲಿ ಹೀಗೆ 1,200 ಲೀಟರು ಗಾಳಿ ಕುಳಿತಿರುತ್ತದೆ. ದುಡಿಯುವ ಮನುಷ್ಯನಿಗೆ ನಿಮಿಷಕ್ಕೆ ಸುಮಾರು 40 ಲೀಟರು ಬೇಕೆಂದು ಲೆಕ್ಕ. ಅಂದರೆ ಅರ್ಧ ಗಂಟೆಯ ಉಸಿರು. ಹೆದರಿದವನೂ ಓಡುವವನೂ ಅದನ್ನು ಇನ್ನೂ ಬೇಗ ಖರ್ಚುಮಾಡುತ್ತಾರೆ. ಗೇಜಿನ ಮುಳ್ಳು 50ರ ಆಸುಪಾಸಿಗೆ ಇಳಿದಾಗ ಒಂದು ಸೀಟಿ ತಾನಾಗಿ ಕೂಗತೊಡಗುತ್ತದೆ. ಮಾಡುತ್ತಿರುವ ಕೆಲಸವೇನೇ ಇರಲಿ, ಕೂಡಲೇ ಹೊರಗೆ ಬಾ ಎಂಬುದು ಅದರ ಅರ್ಥ.

ಜವಾನನು ಗಾಳಿಯನ್ನು ಮೆಲ್ಲಗೆ ಹೊರಬಿಟ್ಟು ಮಕ್ಕಳಿಗೆ ಆ ಸೀಟಿಯನ್ನು ಕೇಳಿಸಿದ. ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ನಮಗೆ ನಗು ಬರಲಿಲ್ಲ.

ನಾವು ಹಗಲು ದುಡಿದು ಇರುಳು ಕಲಿತವರು. ಘಟ್ಟದ ಕೆಳಗಿನ ಊರಿನಿಂದ ಬಂದ ಹುಡುಗರಿಗೆ ಆ ಕಾಲದಲ್ಲಿ ಹೋಟೆಲು, ಇಲ್ಲವೇ ಕಾರ್ಖಾನೆ, ಎರಡೇ ದಾರಿ. ರಾತ್ರಿ ಶಾಲೆಯ ಮೆಟ್ರಿಕ್ ಮುಗಿಸಿದ ಮೇಲೆ ಮರೋಳದ ಕಡೆಯ ಒಂದು ಬರ್ಫದ ಕಾರ್ಖಾನೆಯಲ್ಲಿ ನಮಗೆ ಕೆಲಸ ದೊರೆಯಿತು. ಬರ್ಫ ತಯಾರಿಸುವ ಯಂತ್ರದ ಕೊಳವೆಗಳಲ್ಲಿ ಹರಿಯುವುದು ಅಮೋನಿಯಾ. ಅದಕ್ಕೆ ಬಣ್ಣವಿಲ್ಲ, ಸೋರಿತೆಂದರೆ ಮೊದಲು ಕಣ್ಣು, ಆಮೇಲೆ ಮೂಗು, ಗಂಟಲು ಉರಿಯುತ್ತವೆ. ಹೆಚ್ಚಾಗಿ ಸೋರಿದರೆ ಶ್ವಾಸಕೋಶವೇ ಸುಡುತ್ತದೆ. ಅದಕ್ಕಾಗಿ ಯಂತ್ರದ ಕೋಣೆಯ ಹೊರಗೋಡೆಯ ಕಪಾಟಿನಲ್ಲಿ ನಾಲ್ಕು ಮಾಸ್ಕುಗಳನ್ನೂ ಅವುಗಳ ಸಿಲಿಂಡರುಗಳನ್ನೂ ಇಟ್ಟಿದ್ದರು. ಕಪಾಟು ಕೋಣೆಯ ಹೊರಗೇ ಇರಬೇಕು. ಒಳಗಿದ್ದರೆ ಅದನ್ನು ತರಲು ಇನ್ನೊಂದು ಮಾಸ್ಕು ಬೇಕಾದೀತು!

ಪ್ರತಿ ಸೋಮವಾರ ಅವನ್ನು ಪರೀಕ್ಷಿಸುವುದು ನಮ್ಮ ಪಾಲಿನ ಕೆಲಸ. ನಮಗೆ ಅದನ್ನು ಕಲಿಸಿದವರು ರತ್ನಾಗಿರಿಯ ಕಡೆಯ ಒಬ್ಬ ಹಿರಿಯ ಕೆಲಸಗಾರರು. ಕಾರ್ಖಾನೆಯವರೆಲ್ಲ ಅವರನ್ನು ಮಾಮಾ ಎಂದೇ ಕರೆಯುತ್ತಿದ್ದರು. ಮೊದಲು ಮಾಸ್ಕಿನ ರಬ್ಬರನ್ನು ಬೆರಳಿನಿಂದ ಹಿಗ್ಗಿಸಿ ಬಿರುಕಿದೆಯೇ ನೋಡಬೇಕು. ಪಟ್ಟಿಗಳನ್ನು ಎಳೆದು ನೋಡಬೇಕು. ಸಿಲಿಂಡರಿನ ವಾಲ್ವನ್ನು ತೆರೆದು ಗೇಜಿನ ಅಂಕೆಯನ್ನು ಓದಬೇಕು. ಅನಂತರ ವಾಲ್ವನ್ನು ಮುಚ್ಚಿ ಒಂದು ನಿಮಿಷ ಮುಳ್ಳನ್ನೇ ದಿಟ್ಟಿಸಬೇಕು: ಅದು ಹತ್ತು ಅಂಕೆಗಿಂತ ಹೆಚ್ಚು ಇಳಿದರೆ ಎಲ್ಲಿಯೋ ಸೋರುತ್ತಿದೆಯೆಂದು ಅರ್ಥ. ಆಮೇಲೆ ಕೊಳವೆಯಲ್ಲಿ ಉಳಿದ ಗಾಳಿಯನ್ನು ಮೆಲ್ಲಮೆಲ್ಲಗೆ ಬಿಡುತ್ತ ಸೀಟಿ ಸರಿಯಾದ ಅಂಕೆಯಲ್ಲಿ ಕೂಗುವುದೇ ಎಂದು ಕೇಳಬೇಕು. ಕಡೆಗೆ ಮಾಸ್ಕನ್ನು ಧರಿಸಿ, ಗಾಳಿ ಬರುವ ಬಾಯಿಯನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದರೆ ಅದು ಮುಖಕ್ಕೆ ಅಂಟಿಕೊಳ್ಳಬೇಕು. ಗಡ್ಡವಿದ್ದರೆ ಅಂಟುವುದಿಲ್ಲ, ಕೂದಲಿನ ಎಡೆಯಿಂದ ವಿಷ ನುಸುಳುತ್ತದೆ. ಆ ದಿನಗಳಲ್ಲಿ ಗಡ್ಡ ಬಿಡುವ ಹಂಬಲ ನಮಗೂ ಇತ್ತು. “ಗಡ್ಡ ಬೇಕಾದರೆ ಸಿನೆಮಾಕ್ಕೆ ಸೇರು” ಎಂದು ಮಾಮಾ ಮನೆಗೆ ಕಳುಹಿಸಿ ಬೋಳಿಸಿಕೊಂಡು ಬರಹೇಳಿದರು.

ಒಂದು ಮಾಸ್ಕಿಗೆ ಹತ್ತು ನಿಮಿಷ, ನಾಲ್ಕಕ್ಕೆ ನಲವತ್ತು. ವಾರವಾರವೂ ಅದೇ ಅಂಕೆ, ಅದೇ ಸೀಟಿ. ಎರಡು ವರ್ಷ ಏನೂ ಕೆಡದ ವಸ್ತುವನ್ನು ಮತ್ತೆ ಮತ್ತೆ ನೋಡುವುದೆಂದರೆ ತರುಣರಿಗೆ ಬೇಸರ. 1991ರಲ್ಲಿ ಚೌತಿಯ ವಾರದ ಸೋಮವಾರ ನಮಗೆ ಭಜನಾ ಮಂಡಳಿಯ ಕೆಲಸ ತಲೆಯ ಮೇಲಿತ್ತು. ಕಪಾಟನ್ನು ತೆರೆಯದೆಯೇ ನಾಲ್ಕು ಕಾರ್ಡುಗಳಲ್ಲಿಯೂ ತಾರೀಖು ಬರೆದು, 200 ಎಂದು ತುಂಬಿ, ಸಹಿ ಹಾಕಿದೆವು. ಈ ಪ್ರಬಂಧದಲ್ಲಿ ‘ನಾವು’ ಎಂದು ಬರೆಯುವುದು ರೂಢಿಗಾಗಿ. ಆ ಸಹಿ ಒಂದೇ ಕೈಯದು.

ಗುರುವಾರ ಮಧ್ಯಾಹ್ನ ಒಂದು ಕೊಳವೆಯ ಜೋಡಣೆ ಬಿಟ್ಟುಕೊಂಡಿತು. ಮಾಮಾ ಮತ್ತು ಇನ್ನೊಬ್ಬರು ಮಾಸ್ಕು ಧರಿಸಿ, ಮುಖ್ಯ ವಾಲ್ವನ್ನು ಮುಚ್ಚಲು ಒಳಗೆ ಹೋದರು. ಇಬ್ಬರು ಜೊತೆಯಾಗಿ ಹೋಗಬೇಕು, ಒಬ್ಬನ ಸೀಟಿ ಕೂಗಿದರೂ ಇಬ್ಬರೂ ಹೊರಬರಬೇಕು; ಅದು ಈ ಕೆಲಸದ ನಿಯಮ. ಅವಸರದಲ್ಲಿ ಮಾಮಾ ಗೇಜನ್ನು ನೋಡಲಿಲ್ಲ. ಕಾರ್ಡನ್ನು ನೋಡಿದರು, ಅದರಲ್ಲಿ 200 ಎಂದಿತ್ತು. ಅದಕ್ಕೂ ಹಿಂದಿನ ವಾರ ನಾವು ಸರಿಯಾಗಿ ತಿರುಗಿಸಿ ಮುಚ್ಚದಿದ್ದ ವಾಲ್ವಿನಿಂದ ಗಾಳಿ ದಿನವೂ ಕೊಂಚಕೊಂಚ ಸೋರಿ, ಸಿಲಿಂಡರಿನಲ್ಲಿ ಅರ್ಧದಷ್ಟೂ ಉಳಿದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಇಪ್ಪತ್ತು ನಿಮಿಷದ ಮೇಲೆ ಕೂಗಬೇಕಾದ ಸೀಟಿ ಏಳನೆಯ ನಿಮಿಷಕ್ಕೆ ಕೂಗಿತು. ಮಂಜಿನಂತೆ ಬಿಳುಪಾಗಿದ್ದ ಕೋಣೆಯೊಳಗಿಂದ ಅದು ಕೇಳಿಸಿದಾಗ, ಹೊರಗೆ ನೀರಿನ ಕೊಳವೆ ಹಿಡಿದು ನಿಂತಿದ್ದ ನಮಗೆ ಕಾಲಿನ ಕೆಳಗೆ ನೆಲವಿಲ್ಲದಂತಾಯಿತು.

ಮಾಮಾ ಹೊರಗೆ ಬಂದರು. ಇನ್ನೊಂದು ತಿರುವು ತಿರುಗಿಸಿಬಿಡುವೆನೆಂದು ನಿಂತಿದ್ದರೆ ಏನಾಗುತ್ತಿತ್ತೋ. ಆದರೆ ವಾಲ್ವು ಮುಚ್ಚಿರಲಿಲ್ಲ. ಉಳಿದ ಎರಡು ಮಾಸ್ಕುಗಳನ್ನು ಧರಿಸಿ ಮತ್ತೊಂದು ಜೋಡಿ ಒಳಗೆ ಹೋಗಿ ಮುಚ್ಚುವಷ್ಟರಲ್ಲಿ ಇನ್ನೂ ಕಾಲು ಗಂಟೆ ಕಳೆಯಿತು. ಅಷ್ಟು ಹೊತ್ತು ಸೋರಿದ ಅಮೋನಿಯಾ ಗೋಡೆಯಾಚೆಯ ಚಾಳಿಗೆ ಹೋಯಿತು. ಜನ ಒದ್ದೆ ಬಟ್ಟೆಯಲ್ಲಿ ಮುಖ ಮುಚ್ಚಿ, ಮಕ್ಕಳನ್ನು ಎತ್ತಿಕೊಂಡು ರಸ್ತೆಗೆ ಓಡಿಬಂದರು. ಯಾರಿಗೂ ಜೀವಾಪಾಯವಾಗಲಿಲ್ಲ, ಸಂಜೆಯ ಹೊತ್ತಿಗೆ ಎಲ್ಲರೂ ಮನೆಗೆ ಮರಳಿದರು. ಕಣ್ಣು ಕೆಂಪಾಗಿ ಕೆಮ್ಮುತ್ತ ನಿಂತಿದ್ದ ಮಕ್ಕಳಲ್ಲಿ ಇಬ್ಬರು ನಮ್ಮ ಶಾಲೆಯ ಸಮವಸ್ತ್ರದಲ್ಲಿದ್ದರು.

ಮಾಮಾ ಮೇಲಿನವರಿಗೆ ದೂರು ಹೇಳಲಿಲ್ಲ. ಕಾರ್ಡನ್ನು ನಮ್ಮ ಕೈಗೆ ಕೊಟ್ಟು, “ತಮ್ಮಾ, ಓದು” ಎಂದರು. ಓದಿದೆವು. “ಇನ್ನೊಮ್ಮೆ” ಎಂದರು. ಮೂರನೆಯ ಸಲ ನಮ್ಮ ಸ್ವರ ಹೊರಡಲಿಲ್ಲ. ಮರುದಿನ ನಾವೇ ಹೋಗಿ ಮೇಲ್ವಿಚಾರಕರಲ್ಲಿ ಒಪ್ಪಿಕೊಂಡೆವು. ಒಂದು ವಾರದ ಸಂಬಳ ಹೋಯಿತು. ಸೋಮವಾರದ ಕೆಲಸವನ್ನು ನಮ್ಮಿಂದ ಕಸಿದುಕೊಳ್ಳಬೇಡಿರೆಂದು ಮಾಮಾ ಕೇಳಿಕೊಂಡರಂತೆ.

ಆ ಕಾರ್ಖಾನೆ ಈಗಿಲ್ಲ. ಅಂಧೇರಿಯಲ್ಲಿ ಹೊಗೆಕೊಳವೆಗಳಿಗಿಂತ ಗಾಜಿನ ಗೋಪುರಗಳೇ ಹೆಚ್ಚು ಕಾಣಿಸುತ್ತವೆ; ಆದರೆ ಗಾಜಿನ ಕಟ್ಟಡದಲ್ಲಿಯೂ ಹೊಗೆ ತುಂಬುತ್ತದೆ. 2014ರ ಜುಲೈ 18ರಂದು ಅಂಧೇರಿ ಪಶ್ಚಿಮದ ಲೋಟಸ್ ಬಿಸಿನೆಸ್ ಪಾರ್ಕಿನ ಬೆಂಕಿಯನ್ನು ನಂದಿಸಲು ಹೋದ ದಳದವರಲ್ಲಿ ಒಬ್ಬರು ಹಿಂದಿರುಗಲಿಲ್ಲ. ಬೆನ್ನ ಮೇಲೆ ಗಾಳಿಯೇ ಇಲ್ಲದೆ ಮ್ಯಾನ್‌ಹೋಲಿಗೆ ಇಳಿಯುವವರ ಮಾತು ಬೇರೆ. ರಕ್ಷಣೆಯ ಸಾಧನವಿಲ್ಲದೆ ಯಾರನ್ನೂ ಚರಂಡಿಗೆ ಇಳಿಸಬಾರದೆಂದು 2013ರ ಕಾನೂನು ಹೇಳುತ್ತದೆ. ಆದರೂ ಇಳಿಸುತ್ತಾರೆ, ಮೊದಲು ಇಳಿದವನನ್ನು ಎತ್ತಲು ಎರಡನೆಯವನೂ ಹಾಗೆಯೇ ಇಳಿಯುತ್ತಾನೆ. ಅಲ್ಲಿನ ವಿಷವಾಯು ಹೆಚ್ಚಾದಂತೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು, ಇನ್ನು ಭಯವಿಲ್ಲವೆಂದು ಆತ ತಿಳಿಯುತ್ತಾನೆ. ಅಮೋನಿಯಾವಾದರೋ ಕಣ್ಣಿಗೆ ಚುಚ್ಚಿಯಾದರೂ ಎಚ್ಚರಿಸುತ್ತದೆ.

ಅಂಗಳದಲ್ಲಿ ಪ್ರದರ್ಶನ ಮುಗಿಯಿತು. ಮಕ್ಕಳು ಸಾಲಾಗಿ ಬಂದು ಸಿಲಿಂಡರನ್ನು ಮುಟ್ಟಿ ನೋಡಿದರು. ಐದನೆಯ ತರಗತಿಯ ಆ ಪುಟ್ಟ ಗೇಜನ್ನು ಓದಿ “ನೂರಾ ಎಪ್ಪತ್ತು!” ಎಂದು ಕೂಗಿದ. ಜವಾನನು ಅವನ ಬೆನ್ನು ತಟ್ಟಿ “ಶಾಬಾಸ್” ಎಂದ. ಅನಂತರ ಕಿಸೆಯಿಂದ ಸಣ್ಣ ಪುಸ್ತಕವನ್ನು ತೆಗೆದು, ಮೊಣಕಾಲೂರಿ ಬಾಗಿ, ಗೇಜನ್ನು ತಾನೇ ಇನ್ನೊಮ್ಮೆ ನೋಡಿ ಬರೆದುಕೊಂಡ.