ತೊಟ್ಟಿಯ ನೀರಿಗೂ ಜ್ವರ ಬರುತ್ತದೆ

ಕಾರವಾರ, ಅಂಕೋಲೆಗಳಲ್ಲಿ ಮೀನೆಂದರೆ ಬುಟ್ಟಿಯಲ್ಲಿ ಬರುವ ಬಂಗಡೆ, ತಾರ್ಲೆ. ಕೈಯಲ್ಲಿ ದುಡ್ಡಿದ್ದ ದಿನ ಇಸ್ವಾಣ. ಅಂಥ ಊರಿನಲ್ಲಿ ದುಡ್ಡು ಕೊಟ್ಟು ಮೀನು ತಂದು, ಗಾಜಿನ ತೊಟ್ಟಿಯಲ್ಲಿಟ್ಟು, ಅದಕ್ಕೇ ಊಟ ಹಾಕುವುದೆಂದರೆ ಹಿರಿಯರಿಗೆ ನಗು ಬಾರದಿರುತ್ತದೆಯೇ? ಅಂಕೋಲೆಯ ಒಂದು ಮನೆಯಲ್ಲಿ ಅಜ್ಜಿ, "ಸಾರಿಗಾಗದ ಮೀನು ಯಾತಕ್ಕೆ?" ಎಂದೇ ಕೇಳಿದರು. ಆದರೆ ಒಂಬತ್ತನೇ ತರಗತಿಯ ಮೊಮ್ಮಗಳ ಹಟ ಗೆದ್ದಿತು. ಕಾರವಾರದ ಕಚೇರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಅಪ್ಪ, 50 ಲೀಟರು ನೀರು ಹಿಡಿಯುವ ತೊಟ್ಟಿಯನ್ನೂ ಆರು ಏಂಜೆಲ್ ಮೀನುಗಳನ್ನೂ ತಂದರು. ಡಿಸೆಂಬರಿನಲ್ಲಿ ರಾತ್ರಿಯ ನೆಲಗಾಳಿ ತಣ್ಣಗಾದಾಗ, ಯಾರೋ ಹೇಳಿದರೆಂದು 100 ವಾಟಿನ ಹೀಟರ್ ಕೂಡ ಬಂತು.

ಮೀನಿಗೆ ಬೆಚ್ಚಗಿನ ನೀರೇಕೆ ಬೇಕು? ನಮ್ಮ ದೇಹ ಮಳೆಯಿರಲಿ ಬಿಸಿಲಿರಲಿ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಬಹುಪಾಲು ಮೀನುಗಳಿಗೆ ಈ ಏರ್ಪಾಡಿಲ್ಲ. ಸುತ್ತಲಿನ ನೀರಿನ ತಾಪವೇ ಅವುಗಳ ಮೈಯ ತಾಪ. ನೀರು ತಣ್ಣಗಾದರೆ ಜೀರ್ಣಶಕ್ತಿ ಕುಗ್ಗುತ್ತದೆ, ರೋಗ ತಡೆಯುವ ಬಲ ಇಳಿಯುತ್ತದೆ. ಮೈಮೇಲೆ ಉಪ್ಪು ಚಿಮುಕಿಸಿದಂತೆ ಬಿಳಿ ಚುಕ್ಕೆ ಮೂಡುವ ರೋಗ ಅನೇಕ ವೇಳೆ ಹೀಗೆ ಥಟ್ಟನೆ ತಣ್ಣಗಾದ ನೀರಿನ ಬೆನ್ನಿಗೇ ಬರುತ್ತದೆ. ನೀರು ಬಿಸಿಯಾದರೆ ತೊಂದರೆ ಬೇರೆ ಬಗೆಯದು. ಮೀನಿಗೆ ಹೆಚ್ಚು ಆಮ್ಲಜನಕ ಬೇಕಾಗುವ ಹೊತ್ತಿಗೇ ನೀರು ಅದನ್ನು ಕಡಿಮೆ ಹಿಡಿದಿಟ್ಟುಕೊಳ್ಳುತ್ತದೆ. ಸಿಹಿನೀರು ಲೀಟರಿಗೆ 26 ಡಿಗ್ರಿಯಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು. 33 ಡಿಗ್ರಿಯಲ್ಲಿ ಸುಮಾರು 7 ಮಾತ್ರ.

ಒಂದು ಬೆಳಿಗ್ಗೆ ಆ ಮನೆಯ ತೊಟ್ಟಿಯಲ್ಲಿ ಆದದ್ದೂ ಇದೇ. ರಾತ್ರಿ ಹೀಟರಿನ ಥರ್ಮೋಸ್ಟಾಟ್ ಕಚ್ಚಿಕೊಂಡು, ಆರಿಹೋಗಬೇಕಾದ ಹೀಟರ್ ಉರಿಯುತ್ತಲೇ ಇತ್ತು. 26ರಲ್ಲಿರಬೇಕಾದ ನೀರು 33ಕ್ಕೆ ಏರಿತ್ತು. ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಲೆಕ್ಕ ಕಷ್ಟದ್ದಲ್ಲ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಏರಿಸಲು 4,200 ಜೂಲ್ ಶಾಖ ಬೇಕು. 50 ಲೀಟರಿಗೆ 2,10,000. ನೂರು ವಾಟಿನ ಹೀಟರ್ ಸೆಕೆಂಡಿಗೆ 100 ಜೂಲ್ ಕೊಡುತ್ತದೆ. ಹೊರಗೆ ಸೋರಿಹೋಗುವ ಶಾಖವನ್ನು ಬಿಟ್ಟರೆ, 35 ನಿಮಿಷಕ್ಕೆ ಒಂದು ಡಿಗ್ರಿ. ಇಡೀ ರಾತ್ರಿ ಇದಕ್ಕೆ ಸಾಕಷ್ಟಾಯಿತು.

ಅಪ್ಪ ಗಾಬರಿಯಾದರು. ಅರ್ಧ ನೀರು ಚೆಲ್ಲಿ, ರಾತ್ರಿಯೆಲ್ಲ ಅಂಗಳದಲ್ಲಿದ್ದ ಹಂಡೆಯ ನೀರು ಸುರಿಯಲು ಹೊರಟರು. ತಡೆದವರು ಅಜ್ಜಿ. "ಜ್ವರ ಬಂದವರನ್ನು ಬಾವಿಗೆ ಇಳಿಸ್ತಾರೇನೋ ತಮ್ಮಾ?" ಮೊಮ್ಮಗಳು ಥರ್ಮಾಮೀಟರನ್ನು ಹಂಡೆಯಲ್ಲಿ ಅದ್ದಿ ನೋಡಿದಳು: 23. ತೊಟ್ಟಿಯ 33, ಹಂಡೆಯ 23, ಸಮಪಾಲು ಬೆರೆತರೆ 28. ಒಂದೇ ನಿಮಿಷದಲ್ಲಿ 5 ಡಿಗ್ರಿ ಇಳಿತ! ಬಿಸಿಯಿಂದ ಬಳಲಿದ ಮೀನಿಗೆ ಅದು ಎರಡನೆಯ ಪೆಟ್ಟು.

ಅವಳು ಮೊದಲು ಹೀಟರಿನ ಪ್ಲಗ್ಗು ಕಿತ್ತಳು. ತೊಟ್ಟಿಯ ಮುಚ್ಚಳ ತೆಗೆದು, ಗಾಳಿ ಪಂಪನ್ನು ಪೂರ್ತಿ ಬಿಟ್ಟು, ನೀರಿನ ಮೇಲೆ ಗಾಳಿ ಆಡುವಂತೆ ಟೇಬಲ್ ಫ್ಯಾನ್ ಹಚ್ಚಿದಳು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಉಪಾಯವೇ ಇಲ್ಲಿಯೂ. 100 ಮಿಲಿಲೀಟರು ನೀರು ಆವಿಯಾಗಲು ಬೇಕಾಗುವ ಶಾಖವೆಲ್ಲ ತೊಟ್ಟಿಯ ನೀರಿನಿಂದಲೇ ಹೋದರೆ, ಉಳಿದ 50 ಲೀಟರು ಒಂದು ಡಿಗ್ರಿಗಿಂತ ತುಸು ಹೆಚ್ಚೇ ತಣಿಯುತ್ತದೆ. ನಿಧಾನವಾಗಿ, ಮೀನಿಗೆ ಆಘಾತವಾಗದ ಹಾಗೆ. ಸಂಜೆಯ ಹೊತ್ತಿಗೆ ನೀರು ಹದಕ್ಕೆ ಬಂತು. ಎರಡು ಮೀನು ಸತ್ತವು, ನಾಲ್ಕು ಉಳಿದವು. ಅವನ್ನು ಎಣಿಸಿ ಹೇಳಿದವರು, ಸಾರಿಗಾಗದ ಮೀನೆಂದು ನಕ್ಕಿದ್ದ ಅಜ್ಜಿಯೇ.

ನಮ್ಮ ಕರಾವಳಿಗೆ ಹೀಟರ್ ಅಷ್ಟು ಅಗತ್ಯವೂ ಅಲ್ಲ. ಇಲ್ಲಿ ಪಕ್ಕದಲ್ಲೇ ಅರಬ್ಬೀ ಸಮುದ್ರವೆಂಬ ದೊಡ್ಡ ಶಾಖದ ಉಗ್ರಾಣವಿದೆ. ಹಗಲಿನ ಬಿಸಿಲನ್ನು ನುಂಗಿ, ಇರುಳಲ್ಲಿ ಮೆಲ್ಲಗೆ ಬಿಟ್ಟುಕೊಡುವ ಅದರ ದೆಸೆಯಿಂದ ಕಾರವಾರದ ಹಗಲಿಗೂ ಇರುಳಿಗೂ ಬೀದರಿನಷ್ಟು ಅಂತರವಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕಾರವಾರದ ಕಡಲಿನಲ್ಲಿ ಪಂಜರ ಇಳಿಬಿಟ್ಟು ಮೀನು ಸಾಕಿದ್ದಾರೆ. ಆ ಪಂಜರಕ್ಕೆ ಥರ್ಮೋಸ್ಟಾಟ್ ಬೇಕಾಗಿಲ್ಲ. ಆ ಕೆಲಸವನ್ನು ಕಡಲೇ ಮಾಡುತ್ತದೆ. ಐವತ್ತು ಲೀಟರಿನ ತೊಟ್ಟಿಗೆ ಆ ಗಾಂಭೀರ್ಯ ಎಲ್ಲಿಂದ ಬರಬೇಕು? ನೀರು ಕಡಿಮೆಯಾದಷ್ಟೂ ಅದರ ಚಂಚಲತೆ ಹೆಚ್ಚು. ದುಂಡು ಗಾಜಿನ ಬುರುಡೆಯಲ್ಲಿ ಮೀನು ಬಾಳದಿರಲು ಇದೂ ಒಂದು ಕಾರಣ.

ಆದ್ದರಿಂದ ತೊಟ್ಟಿ ಆದಷ್ಟು ದೊಡ್ಡದಿರಲಿ. ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ. ಬದಲಿಸುವ ನೀರನ್ನು ಹಿಂದಿನ ದಿನವೇ ಅದೇ ಕೋಣೆಯಲ್ಲಿ ತುಂಬಿಡಿ. ಒಮ್ಮೆಗೆ ಕಾಲು ಭಾಗಕ್ಕಿಂತ ಹೆಚ್ಚು ಬದಲಿಸಬೇಡಿ. ಏಂಜೆಲ್ ಮೀನು ಅಮೆಜಾನ್ ಪ್ರದೇಶದ ಬೆಚ್ಚಗಿನ ನೀರಿನದು. ಗೋಲ್ಡ್ ಫಿಶ್ ತಂಪು ನೀರನ್ನು ಬಯಸುವ ಜಾತಿ. ಇವೆರಡನ್ನೂ ಒಂದೇ ತೊಟ್ಟಿಯಲ್ಲಿಟ್ಟರೆ ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಶಿಕ್ಷೆ. ಆಷಾಢದ ಮಳೆಗೆ ಕರೆಂಟು ಹೋದಾಗ ನೀರು ತಣ್ಣಗಾಗುವ ಭಯಕ್ಕಿಂತ ಪಂಪು ನಿಲ್ಲುವ ಭಯ ದೊಡ್ಡದು. ಆಗ ಲೋಟದಲ್ಲಿ ನೀರೆತ್ತಿ ಮೇಲಿನಿಂದ ಸುರಿಯುತ್ತಿದ್ದರೆ ಗಾಳಿ ಬೆರೆಯುತ್ತದೆ. ಸಾಕಲು ಬೇಸರವಾಯಿತೆಂದು ಮೀನುಗಳನ್ನು ಹಳ್ಳಕ್ಕೋ ಗಂಗಾವಳಿಗೋ ಬಿಡಬೇಡಿ. ಹೊರಗಿನ ಜಾತಿ ಅಲ್ಲಿ ನೆಲೆಯೂರಿದರೆ ನಮ್ಮ ಮೀನುಗಳಿಗೆ ಕಂಟಕ.

ಮಕ್ಕಳು ಮೀನು ಬೇಕೆಂದು ಹಟ ಹಿಡಿದರೆ ತಂದೆತಾಯಿಯರು ಬೇಡವೆನ್ನಬೇಕಾಗಿಲ್ಲ. ಮೊದಲು ಒಂದು ಥರ್ಮಾಮೀಟರನ್ನೂ ಒಂದು ನೋಟುಬುಕ್ಕನ್ನೂ ಕೊಡಿಸಲಿ. ಬರಿಯ ನೀರು ತುಂಬಿದ ತೊಟ್ಟಿಯ ತಾಪವನ್ನು ಹದಿನೈದು ದಿನ, ಬೆಳಿಗ್ಗೆ ಸಂಜೆ ತಪ್ಪದೆ ಬರೆದಿಟ್ಟ ಮಗುವಿನ ಕೈಗೆ ಮೀನನ್ನು ಧೈರ್ಯವಾಗಿ ಕೊಡಬಹುದು.