ಗ್ಯಾರೇಜಿನ ಅಕ್ಕಸಾಲಿಗ

ಅಮೆರಿಕದ ಗ್ಯಾರೇಜುಗಳಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲಾ ಇರುತ್ತೆ. ಒಬ್ಬರ ಮನೆಯಲ್ಲಿ ಬಿಯರ್ ಹುದುಗುತ್ತಿರುತ್ತೆ, ಇನ್ನೊಬ್ಬರ ಮನೆಯಲ್ಲಿ ಅರ್ಧ ಕಟ್ಟಿದ ದೋಣಿ. ಪಿಟ್ಸ್‌ಬರ್ಗ್‌ನಲ್ಲಿ ನಮ್ಮ ಪಕ್ಕದ ಮನೆಯ ಗ್ಯಾರೇಜಿನಲ್ಲಿ ಇರೋದು ಒಂದು ಮರದ ಬೆಂಚು, ಅದಕ್ಕೆ ಬಿಗಿದ ಕಬ್ಬಿಣದ ಪ್ರೆಸ್ಸು, ಒಂದು ಪುಟ್ಟ ತಕ್ಕಡಿ. ಆ ಮನೆಯವರು ತಮ್ಮ ರೈಫಲ್‌ಗೆ ಬೇಕಾದ ತೋಟಾಗಳನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ಇದಕ್ಕೆ ಇಲ್ಲಿ ರೀಲೋಡಿಂಗ್ ಅಂತಾರೆ. ಸ್ವಂತ ಬಳಕೆಗಾದರೆ ಫೆಡರಲ್ ಲೈಸೆನ್ಸ್ ಕೂಡ ಬೇಡ. ನಮ್ಮೂರಲ್ಲಿ ಹೇಳಿದ್ರೆ ಯಾರೂ ನಂಬಲ್ಲ.

ಎಪ್ಪತ್ತು ದಾಟಿದ ಮನುಷ್ಯ. ಜೀವಮಾನವೆಲ್ಲಾ ಲೇತ್ ಮುಂದೆ ನಿಂತು ದುಡಿದು ರಿಟೈರ್ ಆದವರು. ಮಾತು ಕಮ್ಮಿ, ಆದರೆ ಹೇಳಿಕೊಡೋದು ಅಂದ್ರೆ ಪಂಚಪ್ರಾಣ. ಹಾಗಾಗಿ ನಮ್ಮ ಮನೆಯಲ್ಲಿ ಅವರ ಹೆಸರು ಮೇಷ್ಟ್ರು.

ಮೇಷ್ಟ್ರ ಮೊದಲ ಪಾಠ: ತೋಟಾ ಅಂದ್ರೆ ನಾಲ್ಕೇ ವಸ್ತು. ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಒಮ್ಮೆ ಹಾರಿಸಿದರೆ ಮೂರು ಮುಗೀತು. ಉಳಿಯೋದು ಹಿತ್ತಾಳೆ. ಸಾಮಾನ್ಯವಾಗಿ ನಾಲ್ಕರಲ್ಲಿ ದುಬಾರಿಯದ್ದೂ ಅದೇ. ಅದನ್ನು ಬಿಸಾಡದೆ ಮತ್ತೆ ಮತ್ತೆ ತುಂಬಿಸಿಕೊಳ್ಳೋದೇ ಈ ಹವ್ಯಾಸ. ಪುಡಿ ಮಾಡಿದ ವಾಲ್‌ನಟ್ ಚಿಪ್ಪು ಅಥವಾ ಜೋಳದ ದಿಂಡಿನ ಜೊತೆ ಖಾಲಿ ಕೇಸುಗಳನ್ನು ಒಂದು ಡಬ್ಬಿಗೆ ಹಾಕಿ ಗಂಟೆಗಟ್ಟಲೆ ಅಲುಗಾಡಿಸಿದರೆ ಫಳಫಳ ಹೊಳೆಯುತ್ತವೆ. ನಮ್ಮಜ್ಜಿ ಹಿತ್ತಾಳೆ ಕೊಡಪಾನವನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು ಅಂತ ಹೇಳಿದೆ. "ಹುಳಿ ತಾನೇ? ಕೆಲಸ ಮಾಡುತ್ತೆ" ಅಂದರು.

ಗುಂಡು ಹಾರಿದಾಗ ಕೇಸು ಉಬ್ಬಿ, ಆ ರೈಫಲ್‌ನ ಒಳಗಿನ ಆಕಾರಕ್ಕೇ ಎರಕ ಹೊಯ್ದ ಹಾಗೆ ಆಗಿರುತ್ತೆ. ಅದನ್ನು ಅಚ್ಚಿನೊಳಗೆ ಒತ್ತಿ ಮತ್ತೆ ಅಳತೆಗೆ ತರಬೇಕು. ಒತ್ತಿದಾಗ ಉದ್ದ ಬೆಳೆಯುತ್ತೆ, ಅದನ್ನು ಕತ್ತರಿಸಬೇಕು. ಮೇಷ್ಟ್ರದ್ದು .308 ವಿಂಚೆಸ್ಟರ್, 1952ರಲ್ಲಿ ಬಂದ ತೋಟಾ. ಅದರ ಕೇಸು 2.015 ಇಂಚು ಮೀರುವ ಹಾಗಿಲ್ಲ. ಮೂರನೇ ದಶಮಾಂಶದವರೆಗೂ ಲೆಕ್ಕ!

ಇನ್ನು ಮದ್ದಿನ ತೂಕ. ಇಲ್ಲಿ ಗ್ರಾಂ ನಡೆಯಲ್ಲ, ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯ ಅರ್ಧ ಅಂದುಕೊಳ್ಳಿ, ಹೆಚ್ಚೂ ಕಮ್ಮಿ ಒಂದು ಗ್ರೇನ್. ಮೇಷ್ಟ್ರ ತಕ್ಕಡಿ ಅದರಲ್ಲೂ ಹತ್ತನೇ ಒಂದು ಭಾಗ ತೋರಿಸುತ್ತೆ. ಕನ್ನಡಕ ಮೂಗಿನ ತುದಿಗಿಟ್ಟುಕೊಂಡು, ಉಸಿರು ಬಿಗಿಹಿಡಿದು ಅವರು ಮದ್ದು ಉದುರಿಸೋದನ್ನು ನೋಡಿದರೆ ಪೇಟೆಬೀದಿಯ ಅಕ್ಕಸಾಲಿಗರ ಅಂಗಡಿಯಲ್ಲಿ ಕೂತ ಹಾಗಾಗುತ್ತೆ.

ರೈಫಲ್ಲನ್ನೂ ಹಾಗೇ ಬಿಚ್ಚುತ್ತಾರೆ, ಕೂಡಿಸುತ್ತಾರೆ. ಮರದ ಹಿಡಿ ತೇವಕ್ಕೆ ಉಬ್ಬಿ ನಳಿಗೆಗೆ ಒತ್ತಿಕೊಂಡರೆ ಗುರಿ ಅತ್ತಿತ್ತ ಓಡುತ್ತೆ. ಅದಕ್ಕೆ ಹಿಡಿಯನ್ನು ಕೆರೆದು, ನಳಿಗೆ ಯಾವುದಕ್ಕೂ ತಾಗದ ಹಾಗೆ ಮಾಡಿದ್ದಾರೆ. ಪರೀಕ್ಷೆ ಏನು ಗೊತ್ತಾ? ನಳಿಗೆಗೂ ಮರಕ್ಕೂ ನಡುವೆ ಒಂದು ಡಾಲರ್ ನೋಟು ತೂರಿಸಿ ಎಳೆಯೋದು. ಸಲೀಸಾಗಿ ಜಾರಿದರೆ ಪಾಸ್. ಇಷ್ಟೆಲ್ಲಾ ಯಾಕೆ ಅಂದ್ರೆ, ನೂರು ಗಜ ದೂರದ ಕಾಗದದಲ್ಲಿ ಐದು ತೂತುಗಳು ಒಂದು ಇಂಚಿನೊಳಗೆ ಬೀಳಲಿ ಅಂತ.

ಆದರೆ ನನ್ನನ್ನು ಹಿಡಿದಿಟ್ಟಿದ್ದು ಗುರಿಯಲ್ಲ, ಆ ಬೆಂಚಿನ ಅನುಮಾನ. ಅಲ್ಲಿ ಯಾರನ್ನೂ ನಂಬಲ್ಲ, ತನ್ನನ್ನೂ ಸೇರಿ. ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಬಗೆಯ ಮದ್ದಿನ ಡಬ್ಬಿ. ಮದ್ದು ತುಂಬಿದ ಐವತ್ತು ಕೇಸುಗಳನ್ನು ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು ಒಂದೊಂದರೊಳಗೂ ಇಣುಕಬೇಕು. ಒಂದಕ್ಕೆ ಮದ್ದು ಬೀಳದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದು ಗೊತ್ತಾಗದೆ ಮುಂದಿನದನ್ನು ಹಾರಿಸಿದರೆ ನಳಿಗೆಯೇ ಸಿಡಿದೀತು. ಬಾಗಿಸಿದ ತಂತಿಯೊಂದನ್ನು ಹಳೇ ಕೇಸಿನೊಳಗೆ ಇಳಿಸಿ ಗೋಡೆ ಸವೆದಿದೆಯಾ ಅಂತ ತಡವಿ ನೋಡಬೇಕು. ಫೋನು ಬಂದರೆ ತೆಗೆಯೋ ಹಾಗಿಲ್ಲ. ದಿನವಿಡೀ ಇನ್ನೊಬ್ಬರ ಕೋಡ್ ರಿವ್ಯೂ ಮಾಡಿ ಬರೋ ನನಗೆ ಇದು ಧ್ಯಾನ ಅನ್ನಿಸೋದು.

ಇಷ್ಟು ವರ್ಷ ನಾನು ಕೈ ಕಟ್ಟಿಕೊಂಡೇ ನೋಡಿದ್ದು. ಎಚ್-1ಬಿಯಂಥ ವೀಸಾದ ಮೇಲಿರುವವರು ಬಂದೂಕನ್ನಾಗಲೀ ತೋಟಾವನ್ನಾಗಲೀ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ನನಗೆ ಬೇಟೆ ಬೇಕಿರಲಿಲ್ಲ. ಗ್ರೀನ್ ಕಾರ್ಡ್ ಬಂದ ದಿನದಿಂದ ಕಾನೂನು ಅಡ್ಡ ಇಲ್ಲ. ಗೆಳೆಯರು ಕೇಳ್ತಾರೆ: "ಮತ್ತೆ, ಯಾವಾಗ ತಗೋತೀಯ?" ಹೆಂಡತಿಯೂ ಕೇಳಿದಳು, ಬೇರೆ ದನಿಯಲ್ಲಿ: "ತಗೋತೀರಾ?" ನಮ್ಮ ಮಗಳಿಗೆ ನಾಲ್ಕು ವರ್ಷ.

ನನಗೇನು ಬಂದೂಕು ಹೊಸದಲ್ಲ. ಮಲೆನಾಡಿನ ಮನೆ. ಅಪ್ಪನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಇದೆ. ಕೋವಿ ಅಟ್ಟದ ಮೇಲೆ, ತೋಟಾ ಅಪ್ಪನ ಬೀರುವಿನಲ್ಲಿ. ಚುನಾವಣೆ ಬಂದಾಗಲೆಲ್ಲಾ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರೋದು, ಆ ವಾರವೇ ಹಂದಿ ಗದ್ದೆಗೆ ನುಗ್ಗೋದು, ಅಪ್ಪ ಬೈಯೋದು ಇದ್ದದ್ದೇ. ಅವರಿಗದು ಹಾರೆ ಗುದ್ದಲಿ ಇದ್ದ ಹಾಗೆ. ಮೇಷ್ಟ್ರದ್ದು ಪ್ರೀತಿ. ಹಾಗಾದರೆ ನನ್ನದೇನು? ನನಗೆ ಬೇಕಿರೋದು ಆ ಬೆಂಚೋ, ಬಂದೂಕೋ?

ಇದನ್ನು ಮೇಷ್ಟ್ರ ಹತ್ತಿರವೇ ಕೇಳಿದೆ. ಅವರು ತಕ್ಕಡಿಗೆ ಮುಚ್ಚಳ ಹಾಕಿ, ಎಂದೂ ಹೇಳದ ವಿಷಯ ಹೇಳಿದರು. ಹೆಂಡತಿ ತೀರಿಕೊಂಡ ವರ್ಷ ಅವರು ತಮ್ಮ ರೈಫಲ್‌ಗಳನ್ನೆಲ್ಲಾ ಪಿಕಪ್‌ಗೆ ಹೇರಿಕೊಂಡು ತಮ್ಮನ ಮನೆಯಲ್ಲಿ ಇಟ್ಟು ಬಂದಿದ್ದರಂತೆ. "ನಾನು ಕೇಳಿದರೂ ಒಂದು ವರ್ಷ ಕೊಡಬೇಡ" ಅಂದಿದ್ದರಂತೆ. ಎರಡು ಸಲ ಕೇಳಿದರಂತೆ. ತಮ್ಮ ಕೊಡಲಿಲ್ಲ.

ಅಷ್ಟೇ ಹೇಳಿದ್ದು. ನಾನೂ ಮುಂದೆ ಕೇಳಲಿಲ್ಲ.

2021ರಲ್ಲಿ ಈ ದೇಶದಲ್ಲಿ ಗುಂಡೇಟಿಗೆ ಸತ್ತವರು 48 ಸಾವಿರಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಟಿವಿಯಲ್ಲಿ ಬರೋದು ಮಾಲ್, ಸ್ಕೂಲು. ಮನೆಯೊಳಗಿನ ಈ ಲೆಕ್ಕ ಬ್ರೇಕಿಂಗ್ ನ್ಯೂಸ್ ಆಗಲ್ಲ. ಆ ಬೆಂಚಿನ ಮೇಲಿರೋ ಟಾರ್ಚು, ತಂತಿ, ತಕ್ಕಡಿ ಎಲ್ಲಾ ಕೈ ತಪ್ಪುವುದನ್ನು ಹಿಡಿಯುತ್ತವೆ. ಮನಸ್ಸು ಕೆಟ್ಟ ರಾತ್ರಿಯನ್ನು ಹಿಡಿಯುವ ತಕ್ಕಡಿ ಅಲ್ಲಿಲ್ಲ. ರೀಲೋಡಿಂಗ್ ಪುಸ್ತಕದ ಅಷ್ಟೂ ಕೋಷ್ಟಕಗಳಲ್ಲಿ ಅದಕ್ಕೊಂದು ಸಾಲಿಲ್ಲ. ಮೇಷ್ಟ್ರು ಅದನ್ನು ತಾವೇ ಬರೆದುಕೊಂಡಿದ್ದರು. ಬರೆದುಕೊಳ್ಳೋಕೆ ಅವರಿಗೊಬ್ಬ ತಮ್ಮ ಇದ್ದ.

ನಮಗೆ ಇಲ್ಲಿ ಯಾರಿದ್ದಾರೆ? ಲೇಆಫ್ ಸುದ್ದಿ ಬಂದ ವಾರಗಳಲ್ಲಿ ರಾತ್ರಿ ಮೂರಕ್ಕೆ ಎದ್ದು ಕೂತಿರೋ ನಮ್ಮವರು ಎಷ್ಟು ಜನ ಅಂತ ನಮಗೇ ಗೊತ್ತು. ಊರಿಗೆ ಫೋನ್ ಮಾಡಿದರೆ "ಎಲ್ಲಾ ಆರಾಮು" ಅಂತೀವಿ. ಇತ್ತ ಕಳ್ಳತನದ ಸುದ್ದಿ ಬಂದಾಗಲೆಲ್ಲಾ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಯಾವ ಪಿಸ್ತೂಲು ಒಳ್ಳೇದು ಅನ್ನೋ ಚರ್ಚೆ ಶುರುವಾಗುತ್ತೆ. ಬ್ರ್ಯಾಂಡು, ಬೆಲೆ, ಡಿಸ್ಕೌಂಟು. ತಗೊಳ್ಳೋರು ತಗೊಳ್ಳಲಿ, ಬೇಡ ಅನ್ನೋಕೆ ನಾನ್ಯಾರು? ಆದರೆ ಮಾಡೆಲ್ ಕೇಳೋ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: "ಒಂದು ವರ್ಷ ಇದನ್ನು ನಿನ್ನ ಹತ್ತಿರ ಇಟ್ಕೋ, ನಾನು ಕೇಳಿದರೂ ಕೊಡಬೇಡ" ಅಂತ ಯಾರಿಗೆ ಹೇಳಬಹುದು?

ನಾನೂ ಕೇಳಿಕೊಂಡೆ. ಈ ಊರಲ್ಲಿ ನನಗೆ ಹೊಳೆದಿದ್ದು ಒಬ್ಬರೇ, ಮೇಷ್ಟ್ರು. ಅವರ ಸೇಫು ಇರೋದು ಪಕ್ಕದ ಮನೆಯಲ್ಲಿ. ಹಾಗಿದ್ದ ಮೇಲೆ ಮೊದಲಿಂದಲೇ ಅಲ್ಲೇ ಇರಲಿ ಬಿಡಿ. ಶನಿವಾರ ಅವರ ಬೆಂಚಿನಲ್ಲಿ ಕೂರ್ತೀನಿ, ರೇಂಜ್‌ನಲ್ಲಿ ಅವರ ರೈಫಲ್ಲಿಂದಲೇ ಐದು ಗುಂಡು ಹಾರಿಸ್ತೀನಿ, ಐದು ಖಾಲಿ ಕೇಸು ಹೆಕ್ಕಿ ಎಣಿಸಿ ವಾಪಸ್ ಕೊಡ್ತೀನಿ. ಹೆಂಡತಿಗೆ ಅದನ್ನೇ ಹೇಳಿದೆ. "ಹಿತ್ತಾಳೆ ಉಜ್ಜೋಕೆ ಅಷ್ಟು ಇಷ್ಟ ಇದ್ರೆ ದೇವರ ಮನೆ ದೀಪಗಳೂ ಇವೆ" ಅಂದಳು.